ಮೊದಲ ಪಂಕ್ತಿಯ ಮಾಲನಬಿ

ಮದುವೆಗೆ ವಾಜಂತ್ರಿಯವರು ಬೇಕೆಂದು ಯಾರೇ ಬರಲಿ, ಮಾಲನಬಿ ಚಾಚಿ ಮೊದಲು ತಾರೀಖು ಕೇಳಿದವಳಲ್ಲ. ಹೊಲಿಗೆ ಯಂತ್ರದಿಂದ ತಲೆ ಎತ್ತದೆ, ಬಾಯಲ್ಲಿ ಕಚ್ಚಿಕೊಂಡ ಗುಂಡುಪಿನ್ನುಗಳ ಸಂದಿಯಿಂದಲೇ, "ನಮ್ಮ ಮಂದೀನ ಊಟಕ್ಕ ಎಲ್ಲಿ ಕೂಡಸ್ತೀರಿ?" ಎನ್ನುತ್ತಿದ್ದಳು. "ಊಟದ್ದೇನ್ ಬಿಡ್ರಿ ಅಮ್ಮಾ, ಹೆಂಗರ ಆಗ್ತದ" ಎಂದವರಿಗೆ ಸಿಗುತ್ತಿದ್ದ ಉತ್ತರ ಒಂದೇ: "ನಕ್ಕೋ, ಬ್ಯಾಡ. ಹೋಗಿ ಬರ್ರಿ."

ಶಹಾಪುರದ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳದೊಂದು ಖೋಲಿ. ಬ್ಯಾಂಡ್ ಮಾಸ್ತರನಾಗಿದ್ದ ಗಂಡ ತೀರಿಕೊಂಡ ಮೇಲೆ ಮೇಳ ಕಟ್ಟಿ ಕಳಿಸುವ ಕೆಲಸ ಅವಳ ಕೈಗೆ ಬಂತು. ಗೋಡೆಯ ತುಂಬ ಅವಳೇ ಹೊಲಿದ ಕೆಂಪು ಕೋಟುಗಳು ನೇತಾಡುತ್ತಿದ್ದವು. ಸನಾದಿ ಊದುವವರು, ಕ್ಲಾರಿನೆಟ್ಟಿನವರು, ಹಲಗೆಯವರು, ಸೋಬಾನ ಹಾಡುವ ಹೆಂಗಸರು: ಸುರಪುರದಿಂದ ಯಾದಗಿರಿತನಕ ಯಾರು ಯಾವ ಊರಲ್ಲಿದ್ದಾರೆ, ಯಾರಿಗೆ ಕೆಮ್ಮು, ಯಾರ ಮನೆಯಲ್ಲಿ ಬಾಣಂತನ, ಎಲ್ಲವೂ ಅವಳ ತಲೆಯಲ್ಲೇ ಇತ್ತು. ಬಿ.ಎ. ಓದುವಾಗ ನಾನು ಕ್ಲಾರಿನೆಟ್ ಹಿಡಿದು ಅವಳ ಮೇಳಕ್ಕೆ ಸೇರಿದೆ. ಕೋಟಿನ ತೋಳು ಬೆರಳು ದಾಟಿ ಇಳಿದಿತ್ತು. ಸಣ್ಣದು ಮಾಡಿಕೊಡು ಎಂದೆ. "ಕೋಟ್ ಸಣ್ಣ ಮಾಡಂಗಿಲ್ಲ ಬೇಟಾ, ನೀನ ದೊಡ್ಡಾಂವ ಆಗು" ಎಂದಳು.

ತಡವಾಗಿ ಬಂದವನಿಗೆ ಅಳತೆಯ ಟೇಪಿನಿಂದಲೇ ಬೀಳುತ್ತಿತ್ತು. ಕುಡಿದು ಬಂದವನ ಕೋಟು ನಡುಬೀದಿಯಲ್ಲಿ ಬಿಚ್ಚಿಸುತ್ತಿದ್ದಳು. ನಮ್ಮನ್ನು ಇಷ್ಟು ಬೈಯುವವಳು ನಮ್ಮ ತಟ್ಟೆಯ ವಿಷಯಕ್ಕೆ ಬಂದರೆ ಊರ ಗೌಡನನ್ನೂ ಬಿಡುತ್ತಿರಲಿಲ್ಲ. "ಊದೂ ಬಾಯಿಗಿ ಮೊದಲ ಅನ್ನ ಹಾಕ್ರಿ. ಖಾಲಿ ಹೊಟ್ಟೀಲೆ ಊದಿದ್ರ ಸನಾದ್ಯಾಗಿಂದ ಬೈಗಳಾ ಬರ್ತಾವ" ಎನ್ನುತ್ತಿದ್ದಳು.

ಮದುವೆ ಮನೆಗಳ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಟ್ಟು ಬರೆಯಲಾರೆ. ಕ್ಲಾರಿನೆಟ್ ಊದುವ ನಮ್ಮನ್ನು ಒಳಗೆ ಕೂಡಿಸಿ, ಹಲಗೆ ಬಾರಿಸುವ ಮರೆಪ್ಪನನ್ನು ಹೊರಗೇ ನಿಲ್ಲಿಸುತ್ತಿದ್ದರು. ಜಾತಿ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. "ಅವ್ರಿಗಿ ಕಟ್ಟಿ ಕೊಡ್ತೀವ್ರಿ" ಎನ್ನುತ್ತಾರೆ, ಅದೂ ನಗುನಗುತ್ತಾ! ಆ ನಗು ಕಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ದೇವಾಪುರದ ಕಡೆ ಒಂದು ದೊಡ್ಡ ಮನೆಯವರು ಎಲ್ಲರನ್ನೂ ಮೊದಲ ಪಂಕ್ತಿಗೆ ಕೂಡಿಸುತ್ತೇವೆಂದು ಮಾತು ಕೊಟ್ಟಿದ್ದರು. ಚಾಚಿ ಅಡುಗೆಯವರ ಕಡೆ ಸುಮ್ಮನೆ ಒಂದು ಸುತ್ತು ಹಾಕಿ ಬಂದಳು. ದನದ ಕೊಟ್ಟಿಗೆಯ ಪಕ್ಕ ಹಲಗೆಯವರಿಗೆಂದು ಎರಡು ಪತ್ರಾಳಿ ಎಲೆ ಬೇರೆ ಇಟ್ಟದ್ದು ಅವಳ ಕಣ್ಣಿಗೆ ಬಿದ್ದಿತ್ತು. ಮಂಟಪದಲ್ಲಿ ಅಯ್ಯನವರ ಮಂತ್ರ ಮುಗಿಯಿತು. ಜನ ಅಕ್ಷತೆ ಹಿಡಿದು ಎದ್ದು ನಿಂತರು. ಇನ್ನೇನು ಮೇಳ ಮೊಳಗಬೇಕು ಎನ್ನುವಾಗ ಚಾಚಿ ನಮ್ಮ ಮುಂದೆ ಬಂದು ಅಂಗೈ ಅಡ್ಡ ಹಿಡಿದಳು. ಒಂದು ಉಸಿರೂ ಹೊರಡಲಿಲ್ಲ. ಮನೆಯ ಯಜಮಾನ ಓಡಿ ಬಂದ.

"ಏನ್ ಹಚ್ಚೀದಿಬೇ? ಮುಹೂರ್ತ ಮೀರ್ಲಿಕತ್ತದ!"

"ಕೊಟಗಿ ಹಂತ್ಯಾಕ ಇಟ್ಟ ಪತ್ರಾಳಿ ಒಳಗ ತರ್ರಿ. ಅಕ್ಷತಾ ನಿಮ್ಮದು, ಸನಾದಿ ನಮ್ಮದು. ಒಂದು ಬಿಟ್ಟು ಒಂದು ನಡೀತದೇನ್ರಿ?"

ಯಜಮಾನ ಹಲ್ಲು ಕಡಿಯುತ್ತ ಹೋಗಿ ತಾನೇ ಆ ಎರಡು ಪತ್ರಾಳಿ ತಂದು ಸಾಲಿನಲ್ಲಿ ಹಾಕಿದ. ಆಮೇಲೆ ನಾವು ಊದಿದ್ದು ಮೂರು ಊರಿಗೆ ಕೇಳಿಸಿರಬೇಕು. ಅವತ್ತು ಮರೆಪ್ಪ ನನ್ನ ಪಕ್ಕದಲ್ಲೇ ಕೂತು ಉಂಡ. ಹೋಳಿಗೆ ಬಡಿಸುವವನು ಅವನ ಮುಂದೆ ಮಾತ್ರ ಸರಸರ ದಾಟಿಹೋದಾಗ ಚಾಚಿ "ಏ ತಮ್ಮಾ, ಹಿಂದಕ್ಕ ಬಾ" ಎಂದು ಕರೆದು ಎರಡು ಹಾಕಿಸಿದಳು.

ನಾನು ಮೇಷ್ಟ್ರಾಗಿ ಯಾದಗಿರಿಯಲ್ಲಿ ಮನೆ ಕಟ್ಟಿದೆ. ಮಗಳ ಮದುವೆ ಗೊತ್ತಾದಾಗ ಲಗ್ನಪತ್ರಿಕೆ ಹಿಡಿದು ಶಹಾಪುರಕ್ಕೆ ಹೋದೆ. ಆ ಪ್ರಶ್ನೆ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದೆ. ಚಾಚಿ ಕೇಳಲಿಲ್ಲ. ನಾನೇ ಬಾಯಿಬಿಟ್ಟಾಗ, "ಹುಚ್ಚ, ನಿನಗೇನ್ ಕೇಳೂದೋ? ನಮ್ಮ ಮನಿ ಅಲ್ಲೇನು ಅದು?" ಎಂದು ನಕ್ಕಳು.

ಮದುವೆಯ ದಿನ ಅಕ್ಷತೆ ಬಿದ್ದು ಮೊದಲ ಪಂಕ್ತಿ ಕೂಡುವಾಗ ವರನ ದೊಡ್ಡಪ್ಪ ನನ್ನ ಕಿವಿಯ ಹತ್ತಿರ ಬಂದರು. "ಹಲಗಿ ಬಾರಸಾಂವ ಪಂಕ್ತಿಗಿ ಕೂತ್ರ ನಮ್ಮ ಮಂದಿ ಎದ್ದು ಹೋಗ್ತದ್ರಿ ಮಾಸ್ತರ. ಎರಡು ಹೋಳಿಗಿ ಜಾಸ್ತಿ ಹಾಕಿ ಕಟ್ಟಿ ಕೊಡ್ರಿ."

ನಾನು ಕಟ್ಟಿಸಿದೆ. ಬೇರೆಯವರ ಕೈಲಿ ಕಳಿಸಲಿಲ್ಲ, ಇದೇ ಕೈಯಿಂದ ಮರೆಪ್ಪನಿಗೆ ಕೊಟ್ಟೆ. "ಇಲ್ಲಿ ಗದ್ದಲ ಭಾಳ ಅದ ಮರೆಪ್ಪ, ಮನೀಗಿ ಒಯ್ದು ಆರಾಮ ಉಣ್ಣು" ಎಂದೆ. ನಗುತ್ತಲೇ ಅಂದೆನೆಂದು ಕಾಣುತ್ತದೆ. ಅವನು ಚೀಲ ಇಸಕೊಂಡು ಗೇಟಿನ ಕಡೆ ನಡೆದ.

ಚಾಚಿ ನೋಡಿದ್ದಳು. ಕೂಗಾಡುತ್ತಾಳೆ ಅಂದುಕೊಂಡೆ, ಕೂಗಾಡಲಿ ಎಂದೂ ಬಯಸಿದೆ. ಎಲ್ಲರೆದುರು ಟೇಪಿನಿಂದ ಬಾರಿಸಿದ್ದರೂ ಸಾಕಿತ್ತು. ಅವಳು ಸಾಲಿನಲ್ಲಿ ಕೂತಿದ್ದ ಮೇಳದವರನ್ನು ನೋಡಿ "ಏಳ್ರಿ" ಎಂದಳು, ಅಷ್ಟೇ. ಎಲ್ಲರೂ ಎಲೆ ಬಿಟ್ಟು ಎದ್ದರು. ಗೇಟಿನ ಹತ್ತಿರದ ನಲ್ಲಿಯ ಕಟ್ಟೆಯ ಮೇಲೆ ಮರೆಪ್ಪನ ಸುತ್ತ ಕೂತು, ಆ ಒಂದು ಚೀಲ ಬಿಚ್ಚಿ, ಎಂಟು ಮಂದಿ ಹೋಳಿಗೆ ಹರಿದು ಹಂಚಿಕೊಂಡು ತಿಂದರು. ನಾನು ಕಂಬದ ಮರೆಯಲ್ಲಿ ನಿಂತು ನೋಡಿದೆ. ಹತ್ತಿರ ಹೋಗುವ ಧೈರ್ಯ ನನಗಿರಲಿಲ್ಲ. ವರನ ದೊಡ್ಡಪ್ಪ ಎರಡು ಸಲ ಪಾಯಸ ಹಾಕಿಸಿಕೊಂಡರು.

ಐದು ವರ್ಷ ನಾನು ಆ ಓಣಿಯ ಕಡೆ ತಲೆ ಹಾಕಲಿಲ್ಲ. ಈ ವರ್ಷ ಮಗನಿಗೆ ಹೆಣ್ಣು ಗೊತ್ತಾದ ಮೇಲೆ ಮನಸ್ಸು ಗಟ್ಟಿ ಮಾಡಿ ಹೋದೆ. ಚಾಚಿ ಬಹಳ ಸೊರಗಿದ್ದಳು, ಯಂತ್ರ ಮಾತ್ರ ಓಡುತ್ತಿತ್ತು. ಮದುವೆಯೆಂದೆ. ಮೇಳ ಬೇಕೆಂದೆ. ಅವಳು ತಲೆ ಎತ್ತದೆ ಕೇಳಿದಳು:

"ನಮ್ಮ ಮಂದೀನ ಊಟಕ್ಕ ಎಲ್ಲಿ ಕೂಡಸ್ತೀರಿ?"

ಮೊದಲ ಪಂಕ್ತಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅದನ್ನು ಹೇಳಲೆಂದೇ ಹೋದವನು ನಾನು. ಹೆಂಡತಿಯ ಮುಖ, ಹೊಸ ಬೀಗರ ಮುಖ, ಒಂದೊಂದಾಗಿ ಕಣ್ಣಮುಂದೆ ಬಂದವು. "ಮನ್ಯಾಗ ಒಂದ್ ಮಾತು ಕೇಳಿ ಹೇಳ್ತೀನಿ ಚಾಚಿ" ಎಂದುಬಿಟ್ಟೆ. ನನ್ನಂಥ ಹೇಡಿಗೆ ಅವಳು ಕೆಂಪು ಕೋಟು ತೊಡಿಸಿದ್ದೇ ತಪ್ಪು.

"ಕೇಳ್ಕೊಂಡು ಬರ್ರಿ" ಎಂದಳು, ಮತ್ತೆ ಪಿನ್ನು ಬಾಯಿಗಿಟ್ಟುಕೊಂಡಳು.

ಹದಿನೈದು ದಿನಕ್ಕೆ ಚಾಚಿ ತೀರಿಕೊಂಡಳು. ಮೂರನೇ ದಿನದ ಜಿಯಾರತ್ ಕಾರ್ಯಕ್ಕೆ ಹೋದೆ. ಖೋಲಿಯ ಮುಂದೆ ಉದ್ದಕ್ಕೆ ಜಮಖಾನ ಹಾಸಿ ಬಂದವರನ್ನೆಲ್ಲ ಊಟಕ್ಕೆ ಕೂಡಿಸುತ್ತಿದ್ದರು. ಎಲ್ಲಿ ಕೂಡಲಿ ಎಂದು ತಿಳಿಯದೆ ಚಪ್ಪಲಿಗಳ ಹತ್ತಿರವೇ ನಿಂತಿದ್ದೆ. ಮೊದಲ ಪಂಕ್ತಿಯ ನಡುವಿನಿಂದ ಮರೆಪ್ಪ ನನ್ನನ್ನು ನೋಡಿದ. ಒಂದಿಷ್ಟು ಸರಿದು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದ.

"ಬರ್ರಿ ಸರ್. ಇಲ್ಲಿ ಕೂಡ್ರಿ."

ಕೂತೆ. ಅವನ ಪಕ್ಕದಲ್ಲೇ ಉಂಡೆ. ಮಗನ ಮದುವೆ ಬರುವ ತಿಂಗಳು. ಮನೆಯಲ್ಲಿ ನಾನು ಇನ್ನೂ ಕೇಳಿಲ್ಲ.