ಗಾಜಿನ ತೊಟ್ಟಿಗೆ ಬಂದ ಬಾವಿಯಾಮೆ

ಕೊಟ್ಟಾರದಲ್ಲಿ ಗ್ರೆಗರಿ ಮಸ್ಕರೇನಸರ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಮೀನಿನ ಗ್ರೆಗರಿ ಎಂದರೆ ಸಾಕು, ಕೈ ಹಿಡಿದು ಮನೆ ಬಾಗಿಲಿಗೇ ತಂದುಬಿಡುತ್ತಿದ್ದರು. ಅವನು ಮೀನು ಮಾರುವವನೂ ಅಲ್ಲ, ಹಿಡಿಯುವವನೂ ಅಲ್ಲ. ಬಸ್ಸಿಗೆ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಫಿಟ್ಟರ್. ಆದರೆ ಬೇರೆಯವರು ರೇಡಿಯೋ ಇಟ್ಟು ಮೆರೆಯುವ ಜಾಗದಲ್ಲಿ, ಅವನ ಚಾವಡಿಯ ನಡುಮಧ್ಯೆ, ಐದಡಿ ಉದ್ದದ ಗಾಜಿನ ತೊಟ್ಟಿ ಇತ್ತು. ಹಳೆಯ ಬಸ್ಸುಗಳ ಮುಂಗಾಜು, ಉಳಿದ ಕಬ್ಬಿಣದ ಪಟ್ಟಿ, ಡಬ್ಬಗಟ್ಟಲೆ ಪುಟ್ಟಿ, ಇಷ್ಟೇ ಬಂಡವಾಳ. ಮೊದಲ ಸಲ ನೀರು ತುಂಬಿಸಿದಾಗ ಚಾವಡಿಯೇ ಹೊಳೆಯಾಯಿತು. ಎರಡನೆಯ ಸಲ ಹೆಂಡತಿ ತೆರೆಸಾ ಒಂದು ವಾರ ಮಾತು ಬಿಟ್ಟಳು. ಮೂರನೆಯ ಸಲ ನೀರು ನಿಂತಿತು ನೋಡಿ, ನಲವತ್ತು ದಾಟಿದ ಗಂಡಸು ಲುಂಗಿ ಎತ್ತಿಕಟ್ಟಿ ಅಂಗಳದಲ್ಲಿ ಕುಣಿದದ್ದನ್ನು ಅಕ್ಕಪಕ್ಕದವರೆಲ್ಲ ಕಂಡಿದ್ದಾರೆ.

ತೊಟ್ಟಿಯಲ್ಲಿದ್ದದ್ದು ಎರಡೇ ಮೀನು, ಪೆದ್ರು ಮತ್ತು ಪಾವ್ಲು. ನಮ್ಮ ಜಿಲ್ಲೆ ಇನ್ನೂ ಮದ್ರಾಸಿನ ಕೈಕೆಳಗಿದ್ದ ಕಾಲದಲ್ಲಿ ಗ್ರೆಗರಿಯ ಬಾವ ಫಿಲಿಪ್ ಅಲ್ಲಿ ಮೀನುಗಾರಿಕೆ ಇಲಾಖೆಯ ಗುಮಾಸ್ತ. ಗೌರಾಮಿ ಎಂಬ ಜಾತಿಯ ಎರಡು ಮರಿಗಳನ್ನು ಸೀಮೆಎಣ್ಣೆ ಡಬ್ಬದಲ್ಲಿ ಹಾಕಿಕೊಂಡು ರೈಲಿನಲ್ಲಿ ಹೊತ್ತು ತಂದಿದ್ದ. ಆಗ ಬೆರಳುದ್ದ ಇದ್ದವು ಏಳು ವರ್ಷದಲ್ಲಿ ಒಂದೂವರೆ ಅಡಿಯ ಮಹಾಶಯರಾದವು. ಕೆಸುವಿನ ಎಲೆ, ಬಸಳೆ, ಅನ್ನದ ಅಗುಳು, ಕೊಟ್ಟದ್ದನ್ನು ತಿನ್ನುವ ಸಾಧುಗಳು. ಅವುಗಳ ಎದೆಯಡಿಯಿಂದ ದಾರದಂಥ ಎರಡೆರಡು ಮೀಸೆ ಇಳಿದಿರುತ್ತಿತ್ತು. ಕುರುಡರು ಕೋಲಿನಿಂದ ನೆಲ ಮುಟ್ಟಿ ನೋಡುವ ಹಾಗೆ ಅದರಿಂದ ಎದುರಿಗಿದ್ದದ್ದನ್ನು ಮುಟ್ಟಿ ನೋಡಿಯೇ ಮುಂದೆ ಹೋಗುತ್ತಿದ್ದವು. ಗ್ರೆಗರಿ ಕೆಲಸದಿಂದ ಬಂದು ಗಾಜಿಗೆ ಬೆರಳಿಟ್ಟರೆ ಎರಡೂ ಓಡಿ ಬಂದು ಬೆರಳಿನ ಎದುರು ಮೀಸೆ ಆಡಿಸುವವು. ಮಕ್ಕಳಿಲ್ಲದ ಮನೆ. ಅವನಿಗೆ ಅದೇ ಸ್ವರ್ಗ.

ಸಾವಿರದ ಒಂಬೈನೂರ ಅರವತ್ತೊಂದರ ಮಳೆ ಮುಗಿಯುತ್ತಿದ್ದ ಹಾಗೆ ಅತ್ತಾವರದಲ್ಲಿದ್ದ ತೆರೆಸಾಳ ತವರುಮನೆ ಮಾರಿಹೋಯಿತು. ಕೊಂಡವರು ಅಲ್ಲಿ ಮೆಡಿಕಲ್ ಓದುವ ಹುಡುಗರಿಗೆ ಲಾಡ್ಜು ಕಟ್ಟುವವರು. ಮನೆ ಕೆಡವಿ ಬಾವಿ ಮುಚ್ಚುತ್ತೇವೆ ಎಂದರು. ಆ ಬಾವಿಯೊಳಗೆ ಒಂದು ಆಮೆ ಇತ್ತು. ಹೊಸ ಬಾವಿ ತೋಡಿದರೆ ಹುಳಹುಪ್ಪಟೆ ತಿಂದು ನೀರು ಚೊಕ್ಕ ಇಡಲಿ ಎಂದು ಒಂದು ಆಮೆಯನ್ನು ಬಿಡುವುದು ನಮ್ಮ ಕಡೆಯ ರೂಢಿಯಲ್ಲವೇ. ತೆರೆಸಾ ಐದು ವರ್ಷದವಳಿದ್ದಾಗ ಅವಳ ಅಪ್ಪ ಬಾಸಿಲ್, ಮಗಳ ಕೈಯಿಂದಲೇ ಮುಟ್ಟಿಸಿ, ಆ ಆಮೆಯನ್ನು ಬುಟ್ಟಿಯಲ್ಲಿ ಇಳಿಸಿದ್ದರು. ಬಾಸಿಲ್ ಹೋಗಿ ಹನ್ನೆರಡು ವರ್ಷವಾಯಿತು, ಆಮೆ ಮಾತ್ರ ಗಟ್ಟಿಮುಟ್ಟಾಗಿತ್ತು. ಬಾವಿಗಿಳಿಯುವ ಚನಿಯ ಅದನ್ನು ಮೇಲೆ ತಂದಾಗ ಊಟದ ಬಟ್ಟಲಿನಷ್ಟು ಅಗಲವಾಗಿತ್ತು. ತೆರೆಸಾ ಅದನ್ನು ಸೀರೆಯ ಸೆರಗಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೊಟ್ಟಾರಕ್ಕೆ ತಂದಳು.

"ಇದು ತೊಟ್ಟಿಯಲ್ಲಿ ಇರ್ತದೆ," ಎಂದಳು.

"ನನ್ನ ಮೀನಿನ ಗತಿ ಎಂತ ತೆರೆಜ್? ಬೇರೆ ಬಾನಿಯಲ್ಲಿ ಇಡುವ."

"ಮೂವತ್ತು ವರ್ಷ ಕತ್ತಲೆಯಲ್ಲಿ ಒಂದೇ ಇದ್ದದ್ದು ಸಾಲದಾ ಅದಕ್ಕೆ? ಮತ್ತೆ ಒಂಟಿಯಾಗಿ ಬಾನಿಯಲ್ಲಿ ಹಾಕುದಾ?"

ಆ ಮಾತಿಗೆ ಗ್ರೆಗರಿ ಒಪ್ಪಿದ. ತೊಟ್ಟಿಯ ಮೂಲೆಯಲ್ಲಿ ಇಟ್ಟಿಗೆ ಪೇರಿಸಿ, ಮೇಲೊಂದು ಹಂಚು ಇಟ್ಟು, ಆಮೆ ಹತ್ತಿ ಕೂರಲು ಜಾಗ ಮಾಡಿದ. ಒಂದು ಕಾನೂನನ್ನೂ ಮಾಡಿದ: ಆಮೆಗೆ ಮೀನಿನ ತುಂಡು ಕೊಡಲೇಬಾರದು, ರುಚಿ ಹತ್ತಿದರೆ ಪೆದ್ರು ಪಾವ್ಲು ಉಳಿಯುವುದಿಲ್ಲ. ಹಾಗಾಗಿ ಅದಕ್ಕೆ ದಿನಾ ಆಡಿನ ಲಿವರಿನ ತುಂಡು. ಕೊಟ್ಟಾರ ಜಂಕ್ಷನ್ನಿನ ಹಾಶಿಂ ಬ್ಯಾರಿಯ ಮಾಂಸದಂಗಡಿಯಿಂದ ಒಂದು ಹಿಡಿ, ಎಲೆಯಲ್ಲಿ ಕಟ್ಟಿ.

ಎಂಥ ಸಂಭ್ರಮ ಆ ದಿನಗಳದ್ದು! ಆಮೆ ನೀರಿನಲ್ಲಿ ಕಾಲು ಬೀಸುತ್ತ ಹೋದರೆ ಹಿಂದಿನಿಂದ ಪೆದ್ರು, ಅದರ ಹಿಂದೆ ಪಾವ್ಲು, ಮದುವೆ ದಿಬ್ಬಣ ಹೊರಟ ಹಾಗೆ. ಮೀನು ಮೀಸೆಯಿಂದ ಆಮೆಯ ಬೆನ್ನು ತಡವುತ್ತಿತ್ತು, ಆಮೆ ಕಣ್ಣು ಮುಚ್ಚಿ ತಡವಿಸಿಕೊಳ್ಳುತ್ತಿತ್ತು. ಭಾನುವಾರ ಪೂಜೆ ಬಿಟ್ಟ ಮೇಲೆ ಜನ ಇಗರ್ಜಿಯಿಂದ ನೇರ ಗ್ರೆಗರಿಯ ಚಾವಡಿಗೆ. ಬಿಜೈಯಿಂದ ಬಂದರು, ಅತ್ತಾವರದಿಂದ ನರ್ಸುಗಳು ಬಂದರು. ತೆರೆಸಾ ಚಹಾ ಮಾಡಿ ಮಾಡಿ ಸೋತಳು, ಆದರೂ ಬಂದವರಿಗೆಲ್ಲ "ಇದು ನಮ್ಮ ಪಪ್ಪನ ಆಮೆ" ಎಂದು ಹೇಳುವಾಗ ಅವಳ ಮುಖ ಅರಳುತ್ತಿತ್ತು. ಗ್ರೆಗರಿಯಂತೂ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಜನವರಿಯಲ್ಲಿ ಒಂದು ಶನಿವಾರ ಬೆಳಿಗ್ಗೆ ಪಾವ್ಲುವಿನ ಒಂದು ಹುರುಪೆ ತಳದಲ್ಲಿ ಬಿದ್ದಿತ್ತು. ಎರಡು ವಾರ ಬಿಟ್ಟು, ಮತ್ತೆ ಶನಿವಾರವೇ, ಪೆದ್ರುವಿನ ರೆಕ್ಕೆಯ ತುದಿ ಹರಿದಿತ್ತು. ಇಟ್ಟಿಗೆಗೆ ತಾಗಿರಬೇಕು ಎಂದು ಗ್ರೆಗರಿ ಸಮಾಧಾನ ಹೇಳಿಕೊಂಡ.

ಆಮೇಲೆ ಬಂತು ಕರೆಜ್ಮ. ಈಸ್ಟರಿಗೆ ಮೊದಲಿನ ಆ ನಲವತ್ತು ದಿನದ ವ್ರತ ಗ್ರೆಗರಿಗೆ ಪ್ರಾಣ. ಉಳಿದವರು ಎಂದಿನಂತೆ ಶುಕ್ರವಾರ ಮಾತ್ರ ಮಾಂಸ ಬಿಟ್ಟರೆ ಇವನು ನಲವತ್ತೂ ದಿನ ಬಿಡುವವನು. ಮಾಂಸ ಹೊಸ್ತಿಲೇ ದಾಟಬಾರದು ಎಂದು ತಾಯಿ ಸಾಯುವಾಗ ಹರಕೆ ಹೊತ್ತು ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದಿದ್ದ. ಪ್ರವಚನದಲ್ಲಿ ಪಾದ್ರಿಗಳು ಒಮ್ಮೆ ಅವನ ಹೆಸರೆತ್ತಿ ಹೊಗಳಿದ್ದೂ ಉಂಟು. ಹೊಗಳಿಕೆ ಎಂಬುದು ಮನುಷ್ಯನನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದುಬಿಡುತ್ತದೆ. ಇರಲಿ.

ಕರೆಜ್ಮದ ಮೂರನೆಯ ವಾರ ಪಾವ್ಲುವಿನ ಒಂದು ಮೀಸೆ ಇಲ್ಲ. ನಾಲ್ಕನೆಯ ವಾರ ಇನ್ನೊಂದೂ ಇಲ್ಲ. ಐದನೆಯ ವಾರ ಗ್ರೆಗರಿ ಕಣ್ಣಾರೆ ಕಂಡ: ಆಮೆ ಹಂಚಿನಡಿಯಿಂದ ಕತ್ತು ಚಾಚಿ ಫಕ್ಕನೆ ಪೆದ್ರುವಿನ ಬಾಲಕ್ಕೆ ಬಾಯಿ ಹಾಕಿತು. ಅರ್ಧ ಬಾಲ ಹೋಯಿತು. ಮೀನು ಹುಚ್ಚೆದ್ದು ಗಾಜಿಗೆ ಹೊಡೆದುಕೊಂಡ ಸದ್ದಿಗೆ ತೆರೆಸಾ ಅಡಿಗೆಮನೆಯಿಂದ ಓಡಿ ಬಂದಳು. ಗ್ರೆಗರಿ ಅಳುತ್ತಿದ್ದ.

"ಸಾಕು ತೆರೆಜ್. ಹುಟ್ಟುಗುಣ ಸುಟ್ಟರೂ ಹೋಗುದಿಲ್ಲ. ಕಳ್ಳನನ್ನು ಮನೆಯೊಳಗೆ ಇಟ್ಟುಕೊಂಡೆವು. ಈಸ್ಟರಿನ ಮುಂಚಿನ ಶನಿವಾರ ಇದನ್ನು ಕೂಳೂರು ಹೊಳೆಗೆ ಬಿಟ್ಟು ಬರ್ತೇನೆ."

"ಆ ಹೊಳೆಯಲ್ಲಿ ಉಪ್ಪು ನೀರು. ಬಾವಿ ನೀರಿನದ್ದು ಅದು, ಬದುಕುದಿಲ್ಲ," ಎಂದಳು ತೆರೆಸಾ. ಆಮೇಲೆ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳ ಮುಖ ನೋಡಿದರೆ ಗ್ರೆಗರಿ ಹೊಳೆಯ ಮಾತು ನುಂಗುತ್ತಿದ್ದ, ತೊಟ್ಟಿ ನೋಡಿದರೆ ಶನಿವಾರಕ್ಕೆ ದಿನ ಎಣಿಸುತ್ತಿದ್ದ. ಅತ್ತ ದರಿ, ಇತ್ತ ಪುಲಿ.

ಪವಿತ್ರ ವಾರದ ಗುರುವಾರ ಸಂಜೆ ಜಂಕ್ಷನ್ನಿನಲ್ಲಿ ಬಸ್ಸಿಳಿದಾಗ ಹಾಶಿಂ ಬ್ಯಾರಿ ಅಂಗಡಿ ಗುಡಿಸುತ್ತಿದ್ದವನು ಪೊರಕೆ ಹಿಡಿದೇ, ಊರಲ್ಲಿ ಕ್ರಿಸ್ತುವರನ್ನು ಕರೆಯುವ ರೂಢಿಯಲ್ಲಿ ಕೂಗಿದ.

"ಎಂತ ಪೊರ್ಬುಗಳೇ, ಮುಖವೇ ಇಲ್ಲ. ಆಮೆ ಉಂಟಾ, ಹೋಯ್ತಾ?"

ಗ್ರೆಗರಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕುಳಿತು ಎಲ್ಲವನ್ನೂ ಹೇಳಿದ. ಹುರುಪೆ, ಮೀಸೆ, ಬಾಲ, ಶನಿವಾರ ಬಿಡಲಿರುವ ಹೊಳೆ. ಹಾಶಿಂ ಎಲ್ಲ ಕೇಳಿ ಪೊರಕೆಯನ್ನು ಗೋಡೆಗೆ ಒರಗಿಸಿದ.

"ಒಂದು ಮಾತು ಕೇಳ್ತೇನೆ, ಬೇಸರ ಮಾಡ್ಬೇಡಿ. ನೀವು ಶುಕ್ರವಾರ ನನ್ನ ಅಂಗಡಿಗೆ ಬರುದಿಲ್ಲ. ಈ ನಲವತ್ತು ದಿನ ಬರಲೇ ಇಲ್ಲ. ಆಮೆ ಎಂತ ತಿಂತಿತ್ತು?"

"ಮೀನಿಗೆ ಹಾಕುದೇ. ಬಸಳೆ, ಅನ್ನ. ಮುಟ್ಟುದಿಲ್ಲ ಅದು. ಮಾಂಸ ಒಳಗೆ ತರುವ ಹಾಗಿಲ್ಲವಲ್ಲ ಬ್ಯಾರಿಗಳೇ, ಕರೆಜ್ಮ ಅಲ್ವಾ."

"ಕರೆಜ್ಮ ನಿಮಗೆ," ಎಂದ ಹಾಶಿಂ ಮೆಲ್ಲನೆ. "ನಾವೂ ಒಂದು ತಿಂಗಳು ಉಪವಾಸ ಹಿಡೀತೇವೆ. ಹಾಗಂತ ಹಟ್ಟಿಯ ಆಡಿಗೆ ಹುಲ್ಲು ಹಾಕದೆ ಇರ್ತೇವಾ ಮಾರಾಯ್ರೇ? ಅದು ಕಳ್ಳ ಅಲ್ಲ. ಅದಕ್ಕೆ ಹಸಿವು."

ಜನವರಿಯ ಶನಿವಾರಗಳು ಒಂದೊಂದಾಗಿ ಗ್ರೆಗರಿಯ ತಲೆಯೊಳಗೆ ಬಂದು ನಿಂತವು. ಅವುಗಳ ಹಿಂದಿನ ದಿನವೆಲ್ಲ ಶುಕ್ರವಾರ. ವರ್ಷವಿಡೀ ಮನೆಯಲ್ಲಿ ಯಾರ ಬಾಯಿಗೂ ಮಾಂಸವಿಲ್ಲದ ದಿನ, ಆಮೆಗೂ ಇಲ್ಲ; ಯಾರಿಗೂ ಹೊಳೆಯಲಿಲ್ಲ. ಮೂರು ಸಲ ಗಾಜು ಜೋಡಿಸಿ ನೀರು ನಿಲ್ಲಿಸಿದ ಬುದ್ಧಿವಂತನಿಗೆ ಇಷ್ಟು ಹೊಳೆಯಲಿಲ್ಲ.

"ಈಗಲೇ ಕೊಡಿ," ಎಂದು ಎದ್ದು ನಿಂತ.

"ಈಗ ಎಲ್ಲಿ ಉಂಟು, ಎಲ್ಲ ಮುಗಿದಿದೆ. ನಾಳೆ ಬೆಳಿಗ್ಗೆ ಬನ್ನಿ. ಜುಮ್ಮಾ ನಮಾಜಿಗೆ ಮುಂಚೆ."

ನಾಳೆ ಎಂದರೆ ಗುಡ್ ಫ್ರೈಡೆ.

ಬೆಳಿಗ್ಗೆ ಎಂಟು ಗಂಟೆ. ಕೊಟ್ಟಾರದ ಕ್ರಿಸ್ತುವರೆಲ್ಲ ಕಪ್ಪು ಬಟ್ಟೆ ತೊಟ್ಟು, ಜಪಸರ ಹಿಡಿದು, ತಲೆ ತಗ್ಗಿಸಿ ಶಿಲುಬೆಯ ಹಾದಿಯ ಪ್ರಾರ್ಥನೆಗೆ ಹೊರಟಿದ್ದಾರೆ. ಅವರೆಲ್ಲರ ಎದುರಿನಿಂದ ಗ್ರೆಗರಿ ಬರುತ್ತಿದ್ದಾನೆ, ಕೈಯಲ್ಲಿ ರಕ್ತ ಒಸರುವ ಬಾಳೆಎಲೆಯ ಕಟ್ಟು. ಅಡಗಿಸಲು ಚೀಲ ತಂದಿದ್ದ, ಅವಸರಕ್ಕೆ ಅಂಗಡಿಯಲ್ಲೇ ಬಿಟ್ಟಿದ್ದ. ನೆರೆಮನೆಯ ಅಪೊಲೋನಿಯಾ ಬಾಯಿ ಶಿಲುಬೆ ಗುರುತು ಹಾಕಿಕೊಂಡರು. ಯಾರೋ "ಅಯ್ಯೋ ದೇವರೇ" ಎಂದರು. ಸೈಕಲಿನಲ್ಲಿ ಬರುತ್ತಿದ್ದ ಇಗರ್ಜಿಯ ಪಾದ್ರಿ ವಿಗಾರರು ಕಾಲು ಊರಿ ನಿಂತರು.

"ಗ್ರೆಗರಿ, ಇದೆಂತ ಕೈಯಲ್ಲಿ?"

"ಲಿವರ್, ಫಾದರ್. ಆಮೆಗೆ. ನನ್ನ ಹರಕೆಯಲ್ಲಿ ಅದನ್ನು ನಲವತ್ತು ದಿನ ಉಪವಾಸ ಕೆಡವಿದೆ. ಪಾಪ ನನ್ನದು, ಮತ್ತೆ ಬಂದು ಹೇಳ್ತೇನೆ. ಈಗ ಬಿಡಿ, ಅದು ಕಾಯ್ತಾ ಉಂಟು."

ವಿಗಾರರು ಕಟ್ಟನ್ನು ನೋಡಿದರು, ಅವನ ಮುಖ ನೋಡಿದರು. "ಓಡು," ಎಂದರು.

ಗ್ರೆಗರಿ ಓಡಿದ. ಇಪ್ಪತ್ತು ವರ್ಷದ ಹರಕೆಯನ್ನು ಹೊಸ್ತಿಲಲ್ಲೇ ದಾಟಿ, ಚಪ್ಪಲಿ ಸಮೇತ ಚಾವಡಿಗೆ ನುಗ್ಗಿ, ತೊಟ್ಟಿಯ ಎದುರು ಮೊಣಕಾಲೂರಿದ. ಮೊದಲ ತುಂಡು ನೀರಿಗೆ ಬೀಳುವ ಮೊದಲೇ ಆಮೆ ಕತ್ತು ಚಾಚಿ ಕಸಿದುಕೊಂಡಿತು. ಎರಡು, ಮೂರು, ನಾಲ್ಕು. ಕಾಲಿನಿಂದ ಹರಿದು ಹರಿದು ನುಂಗಿತು. ಐದನೆಯದಕ್ಕೆ ಕತ್ತು ನಿಧಾನವಾಯಿತು. ಆಗ ಪೆದ್ರು, ಅರ್ಧ ಬಾಲದ ಪೆದ್ರು, ಮೂಲೆಯಿಂದ ಮೆಲ್ಲಮೆಲ್ಲನೆ ಬಂದು ಮೀಸೆ ಚಾಚಿ ಆಮೆಯ ಮೂತಿಯ ಹತ್ತಿರವೇ ತಡವಿತು. ಆಮೆ ಮೊದಲಿನ ಹಾಗೆ ಕಣ್ಣು ಮುಚ್ಚಿ ತಡವಿಸಿಕೊಂಡಿತು.

"ನೋಡು ತೆರೆಜ್, ನೋಡು," ಎಂದ. "ನಾನೇ ಹಸಿವಿನಲ್ಲಿ ಇಟ್ಟೆ, ನಾನೇ ಕಳ್ಳ ಅಂತ ಹೆಸರಿಟ್ಟೆ."

ತೆರೆಸಾ ಇಗರ್ಜಿಗೆ ಹೊರಟು ನಿಂತವಳು. ಕಪ್ಪು ಸೀರೆಯಲ್ಲೇ ಅವನ ಪಕ್ಕ ನೆಲದ ಮೇಲೆ ಕುಳಿತಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ, ನಗುವನ್ನು ತಡೆದುಕೊಳ್ಳಲೂ ಇಲ್ಲ. ಎಲೆಯ ಕಟ್ಟನ್ನು ಅವನ ಕೈಯಿಂದ ತೆಗೆದುಕೊಂಡಳು.

"ಸರಿಯಿರಿ ಆಚೆ," ಎಂದಳು. "ನಲವತ್ತು ದಿನದ ಊಟ ಬಾಕಿ ಉಂಟು ನಮ್ಮ ಪಪ್ಪನ ಆಮೆಗೆ."