ಚೀಟಿ ಬೇರೆ, ಚಿಪ್ಪು ಬೇರೆ

ಸಮುದ್ರವಿಲ್ಲದ ಊರಿನಲ್ಲಿ ಚಿಪ್ಪಿಗೇನೂ ಬರವಿಲ್ಲ. ಮರಾಠಿ ನಾಡಿಗೆ ಸೇರಿದ ನಮ್ಮ ಜತ್ತ ತಾಲೂಕಿನಲ್ಲೇ ನೋಡಿ. ಮಾಡಗ್ಯಾಳದ ಟಗರಿನ ಕೊರಳಲ್ಲಿ ಕವಡಿ, ಎಲ್ಲಮ್ಮನ ಜೋಗಮ್ಮನ ಕೊರಳಲ್ಲಿ ಕವಡಿ, ಮನೆಗೆ ಬರುವ ಅಯ್ಯನವರ ಕೈಯಲ್ಲಿ ಶಂಖ, ದೃಷ್ಟಿಯಾದೀತೆಂದು ಹೊಸ ಟ್ರ್ಯಾಕ್ಟರಿನ ಮೂತಿಗೆ ಕರಿದಾರದಲ್ಲಿ ಮತ್ತೆ ಕವಡಿ. ಇವೆಲ್ಲ ಎಲ್ಲಿಂದ ಬಂದವು ಎಂದು ಚಿಕ್ಕವಳಿದ್ದಾಗ ಕೇಳಿದರೆ "ಸಂತಿಯಿಂದ" ಎನ್ನುತ್ತಿದ್ದರು. ಸಂತೆಗೆ ಎಲ್ಲಿಂದ ಬಂದವು ಎಂದರೆ "ಸುಮ್ಕ ಕುಂದರ" ಎನ್ನುತ್ತಿದ್ದರು. ಸುಮ್ಮನೆ ಕೂಡ್ರುವುದು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಅದರ ಫಲವನ್ನೇ ಉಣ್ಣುತ್ತಿದ್ದೇನೆ.

ಜತ್ತದ ಒಂದು ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ, ತಾಸಿನ ಲೆಕ್ಕದ ಮೇಲೆ. ತಾಸು ಇದ್ದ ದಿನ ಮೇಡಂ, ಸುಟಿ ಬಂತೆಂದರೆ ನಮ್ಮೂರು ಮುಚ್ಚಂಡಿಯ ಮನೆಯಲ್ಲಿ ಅವ್ವನ ಜೊತೆ ಶೇಂಗಾ ಒಡೆಯುವವಳು. ಕಾಯಂ ಆಗಬೇಕಾದರೆ ಪಿಎಚ್.ಡಿ. ಬೇಕು. ಅದಕ್ಕೆ ನಾನು ಆರಿಸಿಕೊಂಡ ವಿಷಯ ಸಮುದ್ರದ ಚಿಪ್ಪು. ಕೈಯಳತೆಯಲ್ಲಿ ಕುರಿ ಇರುವಾಗ ಬಸ್ಸು ಹತ್ತಿ ಇಳಿದು ಹುಳ ಹಿಡಿಯುವ ಕರ್ಮ ಯಾಕೆ ಎಂದು ಸ್ಟಾಫ್‌ರೂಮಿನಲ್ಲಿ ಎಲ್ಲರೂ ಕೇಳಿದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ನಕ್ಕರು. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಕುರಿಯ ಮೇಲೆ ಬರೆದಿದ್ದರೆ ಈ ಹೊತ್ತಿಗೆ ಕಾಯಂ ಆಗಿರುತ್ತಿದ್ದೆ.

ಚಿಪ್ಪುಗಳನ್ನು ಜಾತಿವಾರು ವಿಂಗಡಿಸುವುದು ಹಳೆಯ ಕೆಲಸ. ಟೊಪ್ಪಿಗೆಯಂಥದ್ದು, ಬುಗುರಿಯಂಥದ್ದು, ಎರಡು ಹೋಳಿನದ್ದು, ಹಲ್ಲುಬಾಯಿಯ ಕವಡಿ, ಎಲ್ಲಕ್ಕೂ ಹೆಸರಿಟ್ಟು ಹಿಂದಿನವರು ಮುಗಿಸಿದ್ದಾರೆ. ನನ್ನ ತಲೆ ಹೊಕ್ಕಿದ್ದು ಬೇರೆ. ಬಂಡೆಗೆ ಅಂಟಿಕೊಂಡು ಬದುಕುವ ಒಂದು ಸಣ್ಣ ಬಸವನಹುಳು ಇದೆ, ಕಡಲೆಕಾಳಿಗಿಂತ ತುಸು ದೊಡ್ಡದು. ರತ್ನಾಗಿರಿಯಿಂದ ಕಾರವಾರದ ತನಕ ಅದೇ ಹುಳು, ಅದೇ ಹೆಸರು. ಆದರೆ ಒಂದು ದಂಡೆಯದ್ದು ಇನ್ನೊಂದು ದಂಡೆಯದ್ದರ ಹಾಗೆ ಇರುವುದಿಲ್ಲ. ತೆರೆ ಬಡಿಯುವ ಕಡೆ ಚಿಪ್ಪು ಗಿಡ್ಡ ಮತ್ತು ದಪ್ಪ. ಸಮುದ್ರ ನೆಲದೊಳಗೆ ಚಾಚಿಕೊಂಡು ನೀರು ತಣ್ಣಗೆ ನಿಂತಂತಿರುವ ಖಾಡಿಗಳಲ್ಲಿ ಉದ್ದ ಮತ್ತು ತೆಳು. ಇಷ್ಟು ಎಲ್ಲರಿಗೂ ಗೊತ್ತಿದ್ದದ್ದೇ.

ಗೊತ್ತಿಲ್ಲದ್ದು ನನಗೊಂದು ಸಿಕ್ಕಿತ್ತು. ಮಾಲವಣದ ಆಚೆ ಒಂದು ಖಾಡಿಯಲ್ಲಿ, ಅಲುಗದ ನೀರಿನಲ್ಲಿ, ಬೇರೆ ಯಾವ ಖಾಡಿಯಲ್ಲೂ ಕಾಣದಷ್ಟು ದಪ್ಪ ಚಿಪ್ಪುಗಳಿದ್ದವು. ಅಲ್ಲಿ ಚಿಪ್ಪು ಒಡೆದು ತಿನ್ನುವ ಏಡಿಗಳು ಬಹಳ. ಹುಳು ತೆರೆಗೆ ಹೆದರಿ ಅಲ್ಲ, ಏಡಿಗೆ ಹೆದರಿ ತನ್ನ ಗೋಡೆಯನ್ನು ದಪ್ಪ ಕಟ್ಟಿಕೊಂಡಿದೆ ಎಂದು ನನ್ನ ಅಂದಾಜು. ಎಲ್ಲ ದಂಡೆಗಳ ಚಿಪ್ಪನ್ನೂ ತೂಗಿ ಪಕ್ಕಪಕ್ಕಕ್ಕೆ ಇಟ್ಟು ತೋರಿಸಿದರೆ ಆ ಅಂದಾಜಿಗೆ ಕಾಲು ಬರುತ್ತಿತ್ತು. ನನ್ನ ಪ್ರಬಂಧ, ನನ್ನ ನೌಕರಿ, ಎರಡೂ ಆ ಒಂದು ಖಾಡಿಯ ಮೇಲೆ ನಿಂತಿದ್ದವು. ಅಲ್ಲಿ ಮೊದಲ ಸಲ ಬಗ್ಗಿ ಆ ಚಿಪ್ಪನ್ನು ಬೆರಳಲ್ಲಿ ಹಿಚುಕಿ ನೋಡಿದಾಗ ಆದ ಸಂತೋಷ ನನಗೆ ಮತ್ತೆ ಯಾವುದರಿಂದಲೂ ಆಗಿಲ್ಲ.

ಚಿಪ್ಪು ತನ್ನ ಊರನ್ನು ತಾನೇ ಹೇಳುವುದಿಲ್ಲ. ಅದಕ್ಕೇ ಒಂದು ದಂಡೆಯಲ್ಲಿ ಸಿಕ್ಕಿದ್ದನ್ನೆಲ್ಲ, ನನ್ನ ಹುಳುವನ್ನೂ ಅದರ ನೆರೆಹೊರೆಯನ್ನೂ, ಒಂದೇ ಡಬ್ಬಿಗೆ ಹಾಕಿ ಒಳಗೊಂದು ಚೀಟಿ ಇಡುತ್ತಿದ್ದೆ. ಯಾವ ದಂಡೆ, ಬಂಡೆಯೋ ಖಾಡಿಯೋ, ಯಾವ ತಿಂಗಳು, ಇಷ್ಟೇ. ಹೊರಗೆ ಅಂಟಿಸಿದ ಚೀಟಿ ಉದುರುತ್ತದೆ, ಚೀಟಿ ಚಿಪ್ಪಿನ ಜೊತೆಗೇ ಇರಬೇಕು ಎಂದು ಕೊಲ್ಹಾಪುರದ ನನ್ನ ಗೈಡು ಕಲಿಸಿದ್ದರು. ಚಿಪ್ಪಿನ ಮೇಲೇ ಬರೆಯೋಣವೆಂದರೆ ಹುಳು ಸಣ್ಣದು, ಜಾಗವಿಲ್ಲ. ಡಬ್ಬಿಗಳನ್ನು ಕಾಲೇಜಿನಲ್ಲಿ ಇಡಬಹುದಿತ್ತು, ಆದರೆ ತಾಸಿನ ಮೇಡಂಗೆ ಕಪಾಟು ಯಾರು ಕೊಡುತ್ತಾರೆ? ಹಾಗಾಗಿ ಎಲ್ಲ ಡಬ್ಬಿಗಳೂ ನಮ್ಮ ಮನೆಯ ಪಡಸಾಲೆಯ ಗೋಡೆಯ ಮಾಡದಲ್ಲಿ ಕೂತವು.

ಅವ್ವನಿಗೆ ಮೊದಲಿನಿಂದಲೂ ಅವುಗಳ ಮೇಲೆ ಸಿಟ್ಟು. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ತಿಂದು ಬಂದವರನ್ನೂ ಹೊಸ್ತಿಲಾಚೆ ನಿಲ್ಲಿಸುವವಳ ಪಡಸಾಲೆಯಲ್ಲಿ ಸತ್ತ ಹುಳುವಿನ ಚಿಪ್ಪು, ಅದರ ಮೇಲೆ ಮುಚ್ಚಳ ತೆಗೆದರೆ ಮೀನಿನ ನಾತ. "ಇವೂ ಶಂಖದ ಕುಲದಾವ ಬೇ. ಶಂಖ ದೇವರ ಮುಂದ ಊದೂದಿಲ್ಲೇನು?" ಎಂದು ವಾದ ಹೂಡಿ ನಾನು ಗೆದ್ದಿದ್ದೆ. ಕುಲ ಎಂದ ಮೇಲೆ ಅವಳು ಸುಮ್ಮನಾದಳು. ನಾನು ಬಾಯಿ ಮುಚ್ಚಿಸಲು ಆಡಿದ ಮಾತನ್ನು ಅವಳು ಮನಸ್ಸಿಗೆ ಹಚ್ಚಿಕೊಂಡಿದ್ದಳು.

ನವರಾತ್ರಿಗೆ ಘಟ ಹಾಕುವ ಮೊದಲು ನಮ್ಮ ಕಡೆ ಮನೆಯಲ್ಲಿ ತೊಳೆಯದ ವಸ್ತು ಒಂದೂ ಉಳಿಯಬಾರದು. ಕೌದಿಗಳು ಬಾವಿಗೆ ಹೋಗುತ್ತವೆ, ಅಟ್ಟದ ಹಂಡೆ ಕೆಳಗಿಳಿಯುತ್ತದೆ, ವರ್ಷವಿಡೀ ಯಾರೂ ಮುಟ್ಟದ ಒಳಕಲ್ಲೂ ಸ್ನಾನ ಮಾಡುತ್ತದೆ. ತೊಳೆಯದ ಒಂದು ಲೋಟ ಉಳಿದರೂ ದೇವಿ ಮನೆಯೊಳಗೆ ಬರುವುದಿಲ್ಲ ಎಂದು ಅವ್ವನ ನಂಬಿಕೆ. ನಾನು ಮಾತ್ರ ಆ ಹೊತ್ತಿಗೆ ಕೊಲ್ಹಾಪುರಕ್ಕೆ ಹೋಗಿದ್ದೆ. ಗೈಡಿನ ಹತ್ತಿರ ಕಾಡಿ ಬೇಡಿ ಸೂಕ್ಷ್ಮ ತೂಕದ ಯಂತ್ರವೊಂದನ್ನು ಎರವಲು ತರಬೇಕಿತ್ತು. ವಿಶ್ವವಿದ್ಯಾಲಯ ಕೊನೆಯ ಸಲ ಎಂದು ಹೇಳಿ ಪ್ರಬಂಧ ಸಲ್ಲಿಸುವ ಗಡುವು ಮುಂದೆ ಹಾಕಿತ್ತು. ಸುಟಿಯಲ್ಲಿ ಎಲ್ಲ ಚಿಪ್ಪನ್ನೂ ತೂಗಿ ಮುಗಿಸುವುದೆಂದು ಯಂತ್ರವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ.

ಅಂಗಳದಲ್ಲಿ ಅವ್ವನ ಹಳೆಯ ಸೀರೆ ಹಾಸಿತ್ತು. ಅದರ ಮೇಲೆ ಬಿಸಿಲಿಗೆ ಚಿಪ್ಪುಗಳ ಗುಂಪುಗಳು. ಟೊಪ್ಪಿಗೆಯಂಥವು ಒಂದು ಕಡೆ, ಬುಗುರಿಯಂಥವು ಒಂದು ಕಡೆ, ಕವಡಿ ಒಂದು ಕಡೆ, ನಡುವೆ ಎಲ್ಲಕ್ಕಿಂತ ದೊಡ್ಡ ರಾಶಿ ನನ್ನ ಹುಳುವಿನದು. ಎಲ್ಲ ದಂಡೆಯದ್ದೂ ಒಂದೇ ರಾಶಿ. ಎಲ್ಲದರ ಮೇಲೂ ತೆಳುವಾಗಿ ಹಳದಿ.

"ಬಾ ಯವ್ವಾ, ಲಗೂನ ಬಂದಿ," ಎಂದಳು ಅವ್ವ, ಕೈ ಒರೆಸಿಕೊಳ್ಳುತ್ತ. "ನೋಡು, ಹೆಂಗ ಝಗ್ ಅನ್ನಾಕತ್ತಾವು. ಶಂಖದ ಕುಲದಾವು ಅಂತಿ, ಅವನ್ನ ಹಂತಾ ಹೊಲಸಿನಾಗ ಇಡೂದೇನು? ಅರಿಷಿಣ ನೀರಾಗ ತೊಳದೀನಿ. ಒಂದೊಂದು ಡಬ್ಬ್ಯಾಗ ಎಲ್ಲಾ ಕಲಸಿ ಇಟ್ಟಿದ್ದಿ ನೀ. ಹೆಸರುಕಾಳು, ಮಡಕಿಕಾಳು ಬ್ಯಾರೆ ಮಾಡಿದಂಗ ಆರಿಸೀನಿ. ಇನ್ನ ನಿನ್ನ ಕೆಲಸ ಹಗರಾತು."

"ಚೀಟಿ ಎಲ್ಲಿ?" ಎಂದೆ.

"ಅದಾವ. ಅಕ್ಷರ ಇದ್ದ ಕಾಗದ ಯಾರರ ಒಗೀತಾರೇನು? ಒಂದೂ ಹಾಳ ಮಾಡಿಲ್ಲ ನೋಡು."

ದೇವರ ಜಗುಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಚೀಟಿಗಳನ್ನೆಲ್ಲ ಒತ್ತಿ ನೇರ ಮಾಡಿ ಕೆಂಪು ದಾರದಲ್ಲಿ ಕಟ್ಟಿಟ್ಟಿದ್ದಳು. ರತ್ನಾಗಿರಿ ಇತ್ತು, ವೆಂಗುರ್ಲಾ ಇತ್ತು, ಕಾರವಾರ ಇತ್ತು, ನನ್ನ ಖಾಡಿಯೂ ಇತ್ತು. ಅರಿಷಿಣ ಕೂಡ ತಾಗದ ಹಾಗೆ ಜೋಪಾನ ಮಾಡಿದ್ದಳು. ಒಲೆಗೆ ಹಾಕಿದ್ದರೆ ಬಾಯಿ ತುಂಬ ಬೈಯಬಹುದಿತ್ತು.

ಹಾಗಂತ ಬೈಯದೆ ಬಿಡಲಿಲ್ಲ. "ಏನ್ ಮಾಡಿಬಿಟ್ಟಿ ಬೇ! ನನ್ನ ಬಾಳೇವು ತೊಳದಿ ನೀ!" ಎಂದು ಓಣಿಗೆಲ್ಲ ಕೇಳುವ ಹಾಗೆ ಅರಚಿದೆ. ಅವ್ವನಿಗೆ ಗಾಬರಿಯಾಯಿತು. ಸೀರೆಯ ಅಂಚು ಎತ್ತಿ ಕೆಳಗೆ ನೋಡಿದಳು, ಡಬ್ಬಿಗಳನ್ನು ಬೋರಲು ಹಾಕಿ ಬಡಿದಳು. "ಎಲ್ಲಾ ಅದಾವಲ್ಲ ಯವ್ವಾ, ಒಂದೂ ಹೋಗಿಲ್ಲ. ಏನ್ ಹೋಗೇತಿ ಅದನ್ನರ ಹೇಳು," ಎಂದು ಹಿಂದೆ ಹಿಂದೆ ಬಂದಳು. ಅವಳು ಹೇಳಿದ್ದು ಖರೆ, ಚಿಪ್ಪು ಹೋಗಿರಲಿಲ್ಲ, ಚೀಟಿಯೂ ಹೋಗಿರಲಿಲ್ಲ.

ಮರುದಿನ ಅವಳಿಗೆ ಸ್ವಲ್ಪ ಸ್ವಲ್ಪ ತಿಳಿದಿರಬೇಕು. ಚೀಟಿಯ ಕಟ್ಟು ಬಿಚ್ಚಿ ರಾಶಿಯ ಮುಂದೆ ಕೂತಳು. ಒಂದು ಚೀಟಿ ಎತ್ತುವುದು, ಒಂದು ಚಿಪ್ಪು ಎತ್ತುವುದು, "ಇದಕ್ಕ ಇದು ಇರಬಹುದೇನ್ ನೋಡು," ಎನ್ನುವುದು. ವರ ನೋಡಿದ ಹಾಗೆ ಜೋಡಿ ಹಚ್ಚುತ್ತಿದ್ದಳು. "ಹೊಳೆಯಾಗ ಹುಣಸಿಹಣ್ಣ ತೊಳಿಬ್ಯಾಡ, ಎದ್ದು ಹೋಗು," ಎಂದೆ. ಎದ್ದು ಹೋದಳು. ಆ ವರ್ಷ ಘಟದ ಮುಂದೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಒಂಬತ್ತು ದಿನ ದೀಪ ಕಾದೆವು. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿದಿದೆ ಎಂದರೆ ಸುಳ್ಳಾಗುತ್ತದೆ.

ಗೈಡಿಗೆ ಫೋನು ಮಾಡಿದೆ. ಮರಾಠಿಯಲ್ಲಿ ಬಹಳ ಮೆತ್ತಗೆ ಮಾತಾಡಿದರು. ಅಳುವುದೇಕೆ, ತೆರೆಯ ಕಡೆಯವು ದಪ್ಪ, ಖಾಡಿಯವು ತೆಳು ಎಂದು ಗೊತ್ತೇ ಇದೆಯಲ್ಲ, ಹಾಗೇ ಆರಿಸಿ ಹಾಕಿ ತೂಗಿ ಬರೆದುಬಿಡಿ, ಚಿಪ್ಪು ಬಂದು ಸಾಕ್ಷಿ ಹೇಳುತ್ತದೆಯೇ ಎಂದರು. ಕೆಟ್ಟ ಮನುಷ್ಯರಲ್ಲ. ನನ್ನ ಹೊಟ್ಟೆಪಾಡಿಗಾಗಿಯೇ ಹೇಳಿದರು.

ಹಾಗೇ ಮಾಡಲು ಕೂತೆ. ಬೆರಳಿಗೆ ದಪ್ಪ ಎನಿಸಿದ್ದನ್ನು ತೆರೆಯ ದಂಡೆಗಳ ಡಬ್ಬಿಗೆ, ತೆಳು ಎನಿಸಿದ್ದನ್ನು ಖಾಡಿಗಳ ಡಬ್ಬಿಗೆ ಹಾಕುತ್ತ ಹೋದೆ. ತೂಗಿದೆ, ಬರೆದೆ. ಲೆಕ್ಕ ಎಷ್ಟು ಚೊಕ್ಕ ಬಂತೆಂದರೆ ನಿಜವಾದ ದಂಡೆಯಲ್ಲಿ ಹಾಗೆ ಬರುವುದೇ ಇಲ್ಲ. ಅರ್ಧ ಮುಗಿದಾಗ ಕೈ ನಿಂತಿತು. ನನ್ನ ಖಾಡಿಯ ದಪ್ಪ ಚಿಪ್ಪುಗಳನ್ನೆಲ್ಲ ನಾನೇ ಆರಿಸಿ ಆರಿಸಿ ತೆರೆಯ ಡಬ್ಬಿಗೆ ಹಾಕುತ್ತಿದ್ದೆ. ಎಲ್ಲರಿಗೂ ಗೊತ್ತಿದ್ದದ್ದು ಉಳಿಯುತ್ತಿತ್ತು, ನನಗೆ ಸಿಕ್ಕಿದ್ದು ಮಾತ್ರ ಅಳಿಯುತ್ತಿತ್ತು. ಹಾಗಾದರೆ ತಿರುಗಿಸೋಣ ಎಂದುಕೊಂಡೆ. ಎಲ್ಲಕ್ಕಿಂತ ದಪ್ಪನೆಯವನ್ನು ಬೊಗಸೆ ತುಂಬಿ ನನ್ನ ಖಾಡಿಯ ಡಬ್ಬಿಗೆ ಸುರಿದೆ, ತೂಗಿದೆ. ಅದೂ ಅಷ್ಟೇ ಚೆಂದ ಬಂತು. ನನ್ನ ಮಾತೇ ಗೆದ್ದಿತು. ಯಾವುದನ್ನು ಬೇಕಾದರೂ ಗೆಲ್ಲಿಸಬಹುದು ಎಂದು ಕಂಡಿತು. ಎಲ್ಲ ಡಬ್ಬಿಗಳನ್ನೂ ರಾಶಿಗೇ ಬೋರಲು ಹಾಕಿದೆ.

ದೀಪಾವಳಿಯಲ್ಲಿ ಮತ್ತೆ ಆ ಖಾಡಿಗೆ ಹೋದೆ. ಮೊದಲು ಅಲ್ಲಿ, ಆಮೇಲೆ ಉಳಿದ ದಂಡೆಗಳಲ್ಲಿ ಹೊಸದಾಗಿ ಆರಿಸಿ ತರುವುದು, ಗಡುವಿನೊಳಗೆ ಹೇಗಾದರೂ ತೂಗುವುದು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಹುಳುಗಳಿದ್ದ ಬಂಡೆಯ ಮೇಲೆ ದೋಣಿ ಕಟ್ಟುವ ಧಕ್ಕೆಗೆಂದು ಕಲ್ಲುಮಣ್ಣು ಸುರಿದು ಮಟ್ಟ ಮಾಡಿದ್ದರು. ಟಿಪ್ಪರುಗಳು ಇನ್ನೂ ಬರುತ್ತಿದ್ದವು. ಆಚೀಚೆ ಕಲ್ಲು ಕಲ್ಲು ತಡಕಿದೆ, ಕೆಸರಿನಲ್ಲಿ ಮೊಣಕಾಲವರೆಗೆ ಇಳಿದೆ. ಸಿಕ್ಕಿದ್ದು ಒಡೆದ ಚೂರುಗಳು. ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ನೋಡಿ ನೋಡಿ, ಅವು ಮೊದಲು ಇದ್ದವು, ಬಾಯೀ, ಎಂದು ಮರಾಠಿಯಲ್ಲಿ ಹೇಳಿದಳು. ಅದು ನನಗೂ ಗೊತ್ತಿತ್ತು. ಆ ಖಾಡಿಯ ಹುಳು ಈಗ ಜಗತ್ತಿನಲ್ಲಿ ಎಲ್ಲಾದರೂ ಇದ್ದರೆ ಮುಚ್ಚಂಡಿಯ ನಮ್ಮ ಅಂಗಳದ ರಾಶಿಯಲ್ಲಿ ಇದೆ. ಅಲ್ಲಿ ಯಾವುದು ಅದು ಎಂದು ನನಗೆ ಗುರುತಿಲ್ಲ.

ಗಡುವು ದಾಟಿತು. ಯಂತ್ರವನ್ನು ಕೊಲ್ಹಾಪುರಕ್ಕೆ ತಿರುಗಿ ಮುಟ್ಟಿಸಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಸ್ಟಾಫ್‌ರೂಮಿನಲ್ಲಿ ಮರುಗಿದರು, ಆಮೇಲೆ ಮರೆತರು. ಮತ್ತೆ ಹೆಸರು ನೋಂದಾಯಿಸಲು ನನಗೆ ವಯಸ್ಸಿಲ್ಲವೆಂದಲ್ಲ, ಮನಸ್ಸಿಲ್ಲ. ಈಗಲೂ ತಾಸಿನ ಲೆಕ್ಕದ ಮೇಲೆಯೇ ಕಲಿಸುತ್ತೇನೆ. ಮೊಲಸ್ಕದ ಪಾಠ ಬಂದಾಗ ಜಾತಿ, ಕುಲ, ವಂಶ ಎಂದು ಫಲಕದ ಮೇಲೆ ಬರೆಯುತ್ತೇನೆ. ಎಲ್ಲಿ ಸಿಗುತ್ತವೆ ಎಂದು ಯಾರಾದರೂ ಕೇಳಿದರೆ ಪುಸ್ತಕ ನೋಡಿ ಎನ್ನುತ್ತೇನೆ.

ಈ ಬೇಸಿಗೆಯಲ್ಲಿ ಆ ಚಿಪ್ಪುಗಳನ್ನು ಕಾಲೇಜಿನ ಪ್ರಯೋಗಶಾಲೆಗೆ ಕೊಟ್ಟುಬಿಡುವುದೆಂದು ನಿರ್ಧರಿಸಿದೆ. ಆಕಾರ ಕಲಿಯುವವರಿಗೆ ಸಾಕು, ಊರು ಯಾಕೆ ಬೇಕು? ಅವ್ವ ಆರಿಸಿದ್ದ ಜಾತಿಗಳ ಪ್ರಕಾರವೇ ಡಬ್ಬಿ ತುಂಬಿದೆ. ಚೀಟಿ ಇಲ್ಲದ ಡಬ್ಬಿಯನ್ನು ಮುಚ್ಚಲು ಮಾತ್ರ ಕೈ ಬರಲಿಲ್ಲ. ಜಾತಿಯ ಹೆಸರು ಬರೆದೆ. ಕೆಳಗೆ "ಸಿಕ್ಕ ಜಾಗ" ಎಂದು ಬರೆದು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ರತ್ನಾಗಿರಿ ಎಂದರೆ ಸುಳ್ಳು, ಕಾರವಾರ ಎಂದರೂ ಸುಳ್ಳು. ಅವ್ವ ಪಕ್ಕದಲ್ಲಿ ಕಾಗದ ಕತ್ತರಿಸಿ ಕೊಡುತ್ತಿದ್ದಳು. ಈಗ ಅವಳು ನನ್ನ ಊಟದ ಡಬ್ಬಿ ತೊಳೆಯುವ ಮೊದಲೂ "ತೊಳೀಲೇನವ್ವಾ?" ಎಂದು ಕೇಳುತ್ತಾಳೆ.

ಕೊನೆಗೆ ಬರೆದೆ. ಮೊದಲಿನ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಇದನ್ನು ಕನ್ನಡದಲ್ಲೇ ಬರೆದೆ. ಅವ್ವ ಕನ್ನಡ ಸಾಲಿಗೆ ಹೋದವಳು. ಚೀಟಿಯನ್ನು ದೂರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಮುಚ್ಚಂಡಿ ಅಂತ ಬರದೀಯಲ್ಲ? ಮುಚ್ಚಂಡ್ಯಾಗ ಸಮುದ್ರ ಎಲ್ಲಿ ಐತಿ ಯವ್ವಾ?"

"ಇಲ್ಲ," ಎಂದೆ. ಚೀಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಡಬ್ಬಿಯೊಳಗೆ ಹಾಕಿದೆ.