ಮಣಿಕಟ್ಟಿನ ಕೆಂಪು ವೈರು

ಬೆಳಗಿನ ಜಾವ ಐದೂಕಾಲು. ಆಸ್ಪತ್ರೆಯ ತಾರಸಿ ಮೇಲಿನ ಮೆಷಿನ್ ರೂಮಿನಲ್ಲಿ, ಎಲ್ಲರೂ ಲಿಫ್ಟಣ್ಣ ಎನ್ನುವ ಲಿಫ್ಟ್ ಮೆಕ್ಯಾನಿಕ್ ಮಂಡಿಯೂರಿ ಕೂತು ಮೋಟರಿನ ಸದ್ದಿಗೆ ಕಿವಿಗೊಟ್ಟಿದ್ದಾರೆ. ಏಳು ಮಹಡಿ ಮೆಟ್ಟಿಲು ಹತ್ತಿ ಬಂದ ನನಗೆ ಉಸಿರು ಬಾಯಿಗೆ ಬಂದಿದೆ. ಐವತ್ತಾರರ ಅವರಿಗೆ ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. "ಪರೀಕ್ಷೆ ಮುಗಿಯೋವರೆಗೂ ನಾನೂ ಲಿಫ್ಟ್ ಹತ್ತಲ್ಲ, ಬೇರೆಯವರನ್ನೂ ಹತ್ತಿಸಲ್ಲ. ಬೈಕೋಬೇಡಿ," ಎನ್ನುತ್ತಾರೆ. ಬೈದುಕೊಳ್ಳಲಿಕ್ಕಾದರೂ ಉಸಿರು ಬೇಕಲ್ಲ!

ಅವರ ಬಲ ಮಣಿಕಟ್ಟಿಗೆ ಗಟ್ಟಿ ದಾರವೊಂದು ಕಟ್ಟಿದೆ. ದಾರದ ಇನ್ನೊಂದು ತುದಿಯಲ್ಲಿ ಗೇಣುದ್ದದ ಕೆಂಪು ವೈರು, ಅದರ ಎರಡೂ ಕೊನೆಗೆ ಕ್ಲಿಪ್ಪು. ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟ್ ಕದಲಬಾರದು. ಆದರೆ ಬಾಗಿಲಿನ ಲಾಕೇ ಕೆಟ್ಟಾಗ ದೋಷ ಹುಡುಕಲು ಮೆಕ್ಯಾನಿಕ್‌ಗಳು ಇಂಥದೊಂದು ವೈರು ಸಿಕ್ಕಿಸಿ, ಬಾಗಿಲು ಮುಚ್ಚಿದೆಯೆಂದು ಲಿಫ್ಟನ್ನು ನಂಬಿಸುತ್ತಾರೆ. ಕೆಲಸ ಮುಗಿದ ಕೂಡಲೇ ತೆಗೆಯಲೇಬೇಕು. ಇವರ ವೈರನ್ನು ಮರೆತು ಹೋಗಲು ಸಾಧ್ಯವೇ ಇಲ್ಲ. ಎರಡು ಹೆಜ್ಜೆ ಇಟ್ಟರೆ ಕೈ ಜಗ್ಗುತ್ತದೆ.

ನಾಲ್ಕು ಲಿಫ್ಟು, ಇಪ್ಪತ್ತೆಂಟು ಬಾಗಿಲು. ದಿನಾ ಬೆಳಿಗ್ಗೆ ಒಂದೊಂದನ್ನೂ ಕೈಯಿಂದ ಎಳೆದು, ಬಿಟ್ಟು, ಮತ್ತೆ ಎಳೆದು ನೋಡುತ್ತಾರೆ. ಆಮೇಲೆ ರಾತ್ರಿಯವರೆಗೆ ಸುಮಾರು ಮೂರು ಸಾವಿರ ಮಂದಿ ಏರಿಳಿಯುತ್ತಾರೆ: ಸ್ಟ್ರೆಚರ್ ಮೇಲಿನವರು, ಬಾಣಂತಿಯರು, ಊಟದ ಡಬ್ಬಿ ಹಿಡಿದ ನೆಂಟರು. ಅವರಲ್ಲಿ ಒಬ್ಬರಿಗೂ ಈ ಮನುಷ್ಯನ ಮುಖ ಗೊತ್ತಿಲ್ಲ. "ಲಿಫ್ಟ್ ನಿಂತ್ರೆ ಮಾತ್ರ ನಾನು ನೆನಪಾಗೋದು. ನೆನಪಾಗದೇ ಇರ್ಲಿ ಅಂತಾನೇ ಇಷ್ಟೆಲ್ಲ ಒದ್ದಾಟ," ಎಂದು ನಗುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಅವರ ವೈರಿಗೆ ದಾರ ಇರಲಿಲ್ಲ. ಇದೇ ಆಸ್ಪತ್ರೆಯ ಎರಡನೇ ಲಿಫ್ಟ್ ಸರಿಮಾಡುತ್ತಿದ್ದಾಗ ಇನ್ನೊಂದು ಲಿಫ್ಟ್ ನಿಂತಿದೆಯೆಂದು ಕರೆ ಬಂತು. ವೈರು ಸಿಕ್ಕಿಸಿದ್ದನ್ನು ಮರೆತು, ಲಿಫ್ಟನ್ನು ಚಾಲೂ ಬಿಟ್ಟು ಓಡಿದರು. ಅತ್ತ ಮೂರನೇ ಮಹಡಿಯಲ್ಲಿ ಬಟ್ಟೆ ಕೋಣೆಯ ಅಕ್ಕ ಬೆಡ್‌ಶೀಟುಗಳ ಗಾಡಿ ತಳ್ಳಿಕೊಂಡು ಲಿಫ್ಟಿನಿಂದ ಹೊರಗೆ ಬರುತ್ತಿದ್ದರು. ಬಾಗಿಲು ತೆರೆದಿದ್ದಂತೆಯೇ ಲಿಫ್ಟ್ ಮೇಲಕ್ಕೆ ಹೊರಟಿತು. ಅಕ್ಕನ ಎಡ ಪಾದ ಹೋಯಿತು.

"ನಾನು ಮೊದಲು ಓಡಿದ್ದು ಅಕ್ಕನ ಹತ್ರ ಅಲ್ಲ," ಎನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ. "ಮೇಲೆ ಮೆಷಿನ್ ರೂಮಿಗೆ ಓಡಿ ಆ ವೈರು ಕಿತ್ತು ಜೇಬಿಗೆ ಹಾಕ್ಕೊಂಡೆ. ಹಳೇ ಲಾಕಿನ ದೋಷ ಅಂತ ವರದಿ ಬಂತು. ನಾನು ಬಾಯಿ ಬಿಡಲಿಲ್ಲ."

ಎರಡೇ ತಿಂಗಳಿಗೆ ಕೆಲಸ ಬಿಟ್ಟು ಫ್ಯಾನ್ ರಿಪೇರಿಗೆ ಇಳಿದರು. ಆದರೆ ಭಾನುವಾರ ತಪ್ಪಿಸಿಕೊಳ್ಳುವುದೆಲ್ಲಿಗೆ? ಇಬ್ಬರದೂ ಒಂದೇ ಚರ್ಚು. ಎರಡು ಬೆಂಚು ಮುಂದೆ ಅಕ್ಕ, ಕೃತಕ ಪಾದ ಚಾಚಿಕೊಂಡು. ನಾಲ್ಕು ವರ್ಷ ಲಿಫ್ಟಣ್ಣ ತಲೆ ತಗ್ಗಿಸಿಯೇ ಪ್ರಾರ್ಥನೆ ಮಾಡಿದರು. ಕೊನೆಗೊಂದು ದಿನ ಆ ವೈರು ಹಿಡಿದು ಅಕ್ಕನ ಮನೆಗೆ ಹೋಗಿ, ಇಸ್ತ್ರಿ ಮಾಡುತ್ತಿದ್ದ ಅವರ ಮುಂದೆ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದರು. "ಇವತ್ತು ಎದ್ದು ಹೋಗು," ಎಂದಷ್ಟೇ ಅಂದರಂತೆ ಅಕ್ಕ. ಮರುದಿನ ಲಿಫ್ಟಣ್ಣ ಆಸ್ಪತ್ರೆಗೂ ತಪ್ಪೊಪ್ಪಿಗೆ ಬರೆದುಕೊಟ್ಟರು. ಒಂದು ವರ್ಷ ಯಾವ ಲಿಫ್ಟನ್ನೂ ಮುಟ್ಟಬಾರದೆಂದು ಆದೇಶವಾಯಿತು.

ಅಕ್ಕ ನಿನ್ನೆ ಬಟ್ಟೆ ಕೋಣೆಯಲ್ಲಿ ನನಗೆ ಸಿಕ್ಕಿದ್ದರು. ದಿಂಬಿನ ಕವರು ಮಡಚುತ್ತಲೇ ಮಾತಾಡಿದರು. "ನಾನೇನು ದೇವತೆ ಅಲ್ಲಮ್ಮ. ಮೂರು ವಾರ ಮೈಯೆಲ್ಲ ಉರೀತಿತ್ತು. 'ಯೇಸಪ್ಪಾ, ನಿನಗೆ ಸುಲಭ, ನನಗಾಗಲ್ಲ' ಅಂತ ಜಗಳ ಆಡಿದ್ದೀನಿ. ಆಮೇಲೆ ಅನ್ನಿಸ್ತು, ನನ್ನನ್ನ ಅವನು ಎಷ್ಟು ಸಲ ಕ್ಷಮಿಸಿಲ್ಲ? ಹಲ್ಲು ಕಚ್ಚಿಕೊಂಡು ಕ್ಷಮಿಸಿದೆ. ಹಲ್ಲು ಸಡಿಲ ಆಗೋಕೆ ಇನ್ನೂ ಸ್ವಲ್ಪ ದಿನ ಹಿಡೀತು."

ಅವರು ಕ್ಷಮಿಸಿದರು ಸರಿ, ಈ ಪುಣ್ಯಾತ್ಮ ಬಿಡಬೇಕಲ್ಲ! ನಿಷೇಧದ ವರ್ಷ ಕಳೆದರೂ ಲಿಫ್ಟಿನತ್ತ ಸುಳಿಯದೆ, ಪ್ರತಿ ಭಾನುವಾರ ಚರ್ಚಿನ ಮೆಟ್ಟಿಲ ಬಳಿ ನಿಂತು "ಅಕ್ಕಾ, ಕ್ಷಮಿಸಿಬಿಡಿ" ಎನ್ನುತ್ತಿದ್ದರು.

"ಒಂದಿನ ರೇಗಿಹೋಯ್ತು ನನಗೆ," ಎನ್ನುತ್ತಾರೆ ಅಕ್ಕ. "ಎಲ್ಲರ ಎದುರಿಗೇ ಜಾಡಿಸಿಬಿಟ್ಟೆ. 'ಕ್ಷಮಿಸಿದ್ದೀನಿ ಅಂದ್ಮೇಲೆ ಮುಗೀತು. ನಾನೇನು ಸುಳ್ಳು ಹೇಳ್ತೀನಾ? ಪಾದ ಕಳಕೊಂಡ ನಾನೇ ಕೆಳಗಿಟ್ಟಿದ್ದನ್ನ ನೀನ್ಯಾಕೋ ಹೊತ್ಕೊಂಡು ತಿರುಗ್ತೀಯ? ಹೋಗು, ಲಿಫ್ಟ್ ರಿಪೇರಿ ಮಾಡು. ಮೊದಲು ನಾನೇ ಹತ್ತುತ್ತೀನಿ' ಅಂದೆ."

ಆ ರಾತ್ರಿ ಲಿಫ್ಟಣ್ಣ ಮಗು ಮಲಗಿದ ಹಾಗೆ ಮಲಗಿದರಂತೆ. "ದೇವರು ಕ್ಷಮಿಸ್ತಾನೆ ಅಂತ ಚಿಕ್ಕಂದಿನಿಂದ ಕೇಳ್ತಿದ್ದೆ. ನಂಬಿದ್ದು ಅವತ್ತು, ಅಕ್ಕ ಬೈದಾಗ," ಎನ್ನುತ್ತಾರೆ. ಬೆಳಿಗ್ಗೆ ಎದ್ದವರೇ ಅದೇ ಹಳೆಯ ವೈರಿಗೆ ದಾರ ಕಟ್ಟಿದರು. ಆಸ್ಪತ್ರೆಯ ಇಂಜಿನಿಯರ್ ಆರು ತಿಂಗಳು ಜೊತೆಗಿದ್ದು ನೋಡಿದ ಮೇಲೆ ಕೆಲಸ ಕೊಟ್ಟರು. ಹದಿಮೂರು ವರ್ಷವಾಯಿತು, ಒಂದು ಗೀರೂ ಯಾರಿಗೂ ಆಗಿಲ್ಲ. ಈಗ ಅಲ್ಲಿನ ಮೆಕ್ಯಾನಿಕ್‌ಗಳೆಲ್ಲರ ಮಣಿಕಟ್ಟಿನಲ್ಲೂ ದಾರವಿದೆ. ಹೊಸಬರು ಯಾಕೆಂದು ಕೇಳಿದರೆ ಲಿಫ್ಟಣ್ಣ ತಮ್ಮ ಕಥೆಯನ್ನು ತಾವೇ ಹೇಳುತ್ತಾರೆ, ಜೇಬಿಗೆ ಹಾಕಿಕೊಂಡದ್ದನ್ನೂ ಬಿಡದೆ. ಇಂಥ ಎದೆಗಾರಿಕೆ ಎಷ್ಟು ಜನಕ್ಕಿದೆ, ಹೇಳಿ?

ಆರೂವರೆ. ನೆಲಮಹಡಿಯಲ್ಲಿ ಎರಡನೇ ಲಿಫ್ಟಿನ ಬಾಗಿಲು ತೆರೆಯುತ್ತದೆ. ಅಕ್ಕ ಗಾಡಿ ತಳ್ಳಿಕೊಂಡು, ತುಸು ಕುಂಟುತ್ತ ಬರುತ್ತಾರೆ. ಕೊಟ್ಟ ಮಾತಿನಂತೆ ದಿನದ ಮೊದಲ ಸವಾರಿ ಅವರದೇ. ಮೊದಲ ವರ್ಷವೆಲ್ಲ ಕಂಬಿ ಗಟ್ಟಿಯಾಗಿ ಹಿಡಿದು, ಹೊಸ್ತಿಲ ಸಂದಿಯಿಂದ ಕಣ್ಣು ಕೀಳದೆ ನಿಲ್ಲುತ್ತಿದ್ದರಂತೆ.

"ಹತ್ತಿ ಅಕ್ಕಾ."

"ತಿಂಡಿ ತಿಂದ್ಯೇನೋ?" ಎಂದು ಕೇಳುತ್ತಲೇ ಅಕ್ಕ ಒಳಗೆ ಹೋಗಿ, ಆ ಕಡೆ ತಿರುಗಿ, ಜಾರುತ್ತಿದ್ದ ಬೆಡ್‌ಶೀಟು ಸರಿಮಾಡತೊಡಗುತ್ತಾರೆ. ಬಾಗಿಲು ಮುಚ್ಚುತ್ತದೆ. ಲಿಫ್ಟ್ ಮೇಲೇರುತ್ತದೆ.

ಲಿಫ್ಟಣ್ಣ ನನ್ನ ಕಡೆ ತಿರುಗುತ್ತಾರೆ. ಕಣ್ಣು ತುಂಬಿದೆ, ಮುಖದ ತುಂಬ ಹೆಮ್ಮೆ.

"ನೋಡಿದ್ರಾ? ಬಾಗಿಲಿಗೆ ಬೆನ್ನು ಹಾಕಿ ನಿಂತ್ಕೊಂಡ್ರು."